ಒಸಾಕಾ ಸುತ್ತಾಟ: ಹೆಸರು ಬಿಟ್ಟೆ, ನಂಬರ್ ಹಿಡಿದೆ

ಜಪಾನಿನ ಒಸಾಕಾ ಊರಿನ ದೊಡ್ಡ ರೈಲು ಕೇಂದ್ರ ಉಮೆದಾ. ಅದಕ್ಕೆ ಎಷ್ಟು ಹೆಸರು ನೋಡಿ. ಜೆಆರ್ (ಜಪಾನ್ ರೈಲ್ವೇಸ್) ರೈಲಿನವರಿಗೆ ಅದು ಒಸಾಕಾ ಸ್ಟೇಷನ್. ಹಾಂಕ್ಯೂ, ಹಾನ್ಶಿನ್ ಅನ್ನುವ ಖಾಸಗಿ ರೈಲುಗಳಿಗೆ ಒಸಾಕಾ-ಉಮೆದಾ. ಮೆಟ್ರೋದ ಒಂದು ಲೈನಿನಲ್ಲಿ ಬರೀ ಉಮೆದಾ, ಇನ್ನೊಂದರಲ್ಲಿ ಹಿಗಾಶಿ-ಉಮೆದಾ, ಮತ್ತೊಂದರಲ್ಲಿ ನಿಶಿ-ಉಮೆದಾ. ಎಲ್ಲವೂ ಅಕ್ಕಪಕ್ಕದಲ್ಲೇ ಇವೆ. ನಡುವೆ ನೆಲದಡಿಯಲ್ಲಿ ಅಂಗಡಿ ಬೀದಿಗಳ ದೊಡ್ಡ ಜಾಲ. ಕೆಳಗೆ ಇಳಿದರೆ ಫೋನಿನ ಮ್ಯಾಪ್‌ನಲ್ಲಿ ನೀಲಿ ಚುಕ್ಕಿ ತನಗೆ ತೋಚಿದ ಕಡೆ ಓಡಾಡುತ್ತಿರುತ್ತದೆ.

ಹಾಗಾಗಿ ನಾನು ಹೆಸರುಗಳ ಗೊಡವೆ ಬಿಟ್ಟೆ. ಮೆಟ್ರೋದ ಪ್ರತಿ ಸ್ಟೇಷನ್‌ಗೂ ಒಂದು ಅಕ್ಷರ, ಒಂದು ನಂಬರ್ ಇದೆ. ಊರಿನ ಬೆನ್ನೆಲುಬು ಮಿದೋಸುಜಿ ಲೈನ್. 1933ರಲ್ಲಿ ಶುರುವಾದ, ಊರಿನ ಮೊದಲ ಮೆಟ್ರೋ ಇದು. ಬಣ್ಣ ಕೆಂಪು, ಅಕ್ಷರ ಎಂ. ಉಮೆದಾ ಎಂ16, ಶಿನ್ಸಾಯ್‌ಬಾಶಿ ಎಂ19, ನಂಬಾ ಎಂ20, ತೆನ್ನೋಜಿ ಎಂ23. ನಂಬರ್ ಏರುತ್ತಿದ್ದರೆ ದಕ್ಷಿಣಕ್ಕೆ ಹೋಗುತ್ತಿದ್ದೀರಿ, ಇಳಿಯುತ್ತಿದ್ದರೆ ಉತ್ತರಕ್ಕೆ. ಇಷ್ಟು ತಲೆಗೆ ಹೋದರೆ ಅರ್ಧ ಊರು ಕೈಗೆ ಸಿಕ್ಕ ಹಾಗೆ. ಇನ್ನು ಸ್ಟೇಷನ್‌ನಿಂದ ಹೊರಗೆ ಬರುವ ಬಾಗಿಲಿಗೂ ನಂಬರ್ ಇರುತ್ತದೆ. ಅದನ್ನು ಹೊರಡುವ ಮೊದಲೇ ನೋಡಿ ಬರೆದಿಟ್ಟುಕೊಳ್ಳುತ್ತಿದ್ದೆ. ತಪ್ಪು ಬಾಗಿಲಿಂದ ಮೇಲೆ ಬಂದರೆ ದೊಡ್ಡ ರಸ್ತೆಯ ಆಚೆ ಬದಿ ತೇಲುತ್ತೀರಿ. ಮತ್ತೆ ಇಳಿ, ಮತ್ತೆ ಹತ್ತು.

ಟಿಕೆಟ್‌ ತಲೆನೋವೇ ಇಲ್ಲ. ಇಕೋಕಾ ಕಾರ್ಡಿಗೆ ದುಡ್ಡು ತುಂಬಿಸಿಕೊಂಡರೆ ಮೆಟ್ರೋ, ಜೆಆರ್, ಖಾಸಗಿ ರೈಲು, ಅಂಗಡಿ ಎಲ್ಲದಕ್ಕೂ ಆಗುತ್ತದೆ. ಆದರೆ ಕಾರ್ಡಿಗೆ ದುಡ್ಡು ತುಂಬಿಸೋಕೆ ಜೇಬಿನಲ್ಲಿ ನೋಟು ಇರಲಿ.

ಜಪಾನಿಗಳು ಅಂದರೆ ಬಹಳ ಮೌನ, ಬಹಳ ಸಂಕೋಚ ಅಂತ ಕೇಳಿದ್ದೆ. ರೈಲಿನೊಳಗೆ ಅದು ನಿಜ. ಫೋನಿನಲ್ಲಿ ಮಾತಾಡುವವರೇ ಇಲ್ಲ. ಆದರೆ ಸಂಜೆ ದೋತೋಂಬೋರಿ ಕಾಲುವೆ ಹತ್ತಿರ ಹೋಗಿ ನೋಡಿ. ಅಂಗಡಿ ಮುಂದೆ ನಿಂತು ಗಿರಾಕಿಗಳನ್ನು ಕೂಗಿ ಕರೆಯುತ್ತಾರೆ, ಗೋಡೆ ಮೇಲೆ ಕಾಲಾಡಿಸುವ ದೈತ್ಯ ಏಡಿ, ಎಲ್ಲಿ ನೋಡಿದರೂ ದೀಪ. ಕೈ ಮೇಲೆತ್ತಿ ಓಡುವ, ಗ್ಲಿಕೋ ಅನ್ನುವ ಮಿಠಾಯಿ ಕಂಪನಿಯ ಓಟಗಾರನ ಬೋರ್ಡ್ ಅಲ್ಲಿ ಮೊದಲು ಬಂದದ್ದು 1935ರಲ್ಲಿ. ಈಗಿರುವ ಎಲ್‌ಇಡಿ ಬೋರ್ಡ್ 2014ರದ್ದು. ಅದರ ಎದುರು ಸೇತುವೆ ಮೇಲೆ ಎಲ್ಲರೂ ಅದೇ ಭಂಗಿಯಲ್ಲಿ ಫೋಟೋ ತೆಗೆಸಿಕೊಳ್ಳುತ್ತಾರೆ. ನಾನೂ ತೆಗೆಸಿಕೊಂಡೆ, ನಾಚಿಕೆ ಯಾಕೆ?

ಅಲ್ಲಿಂದ ಎರಡು ನಿಮಿಷ ನಡೆದರೆ ಹೋಝೆಂಜಿ ಗಲ್ಲಿ. ಕಲ್ಲು ಹಾಸಿನ ಕಿರಿದಾದ ಓಣಿ, ಒಂದು ಪುಟ್ಟ ಗುಡಿ. ದೇವರ ಮೈ ಪೂರಾ ಹಸಿರು ಪಾಚಿ. ಬಂದವರೆಲ್ಲ ಸೌಟಿನಲ್ಲಿ ನೀರು ಹೊಯ್ದು ಹೊಯ್ದು ಹೀಗಾಗಿದೆ. ಫುದೋ ಮ್ಯೋಓ ಅನ್ನುವ ಈ ದೇವರು ಭಾರತದ ಬೌದ್ಧ ಸಂಪ್ರದಾಯದಿಂದ ಅಲ್ಲಿಗೆ ಹೋದ ಅಚಲನಾಥ. ಎರಡನೇ ಮಹಾಯುದ್ಧದ ಬಾಂಬ್ ದಾಳಿಯಲ್ಲಿ ಗುಡಿ ಸುಟ್ಟುಹೋದರೂ ಮೂರ್ತಿ ಉಳಿಯಿತು. ಆಫೀಸ್ ಮುಗಿಸಿ ಬಂದವರು ಬ್ಯಾಗ್ ಹೆಗಲಲ್ಲೇ ಇಟ್ಟುಕೊಂಡು ಎರಡು ಸೌಟು ನೀರು ಹೊಯ್ದು ಹೋಗುತ್ತಾರೆ. ಒಸಾಕಾದಲ್ಲಿ ನನಗೆ ಜಾಸ್ತಿ ಇಷ್ಟವಾದ ಜಾಗ ಇದು.

ಇನ್ನು ಊಟ. ಇಲ್ಲಿ ನಂಬರ್ ಕೆಲಸಕ್ಕೆ ಬರಲ್ಲ. ನಾನು ಸಸ್ಯಾಹಾರಿ, ಒಸಾಕಾ ತಿಂಡಿಪೋತರ ಊರು. ಬೀದಿ ಬದಿಯಲ್ಲಿ ತಾಕೋಯಾಕಿ ಹುಯ್ಯುವ ಕಾವಲಿ ನೋಡಿದರೆ ಥೇಟ್ ನಮ್ಮ ಪಡ್ಡಿನ ಕಾವಲಿ. ಗುಳಿಯಲ್ಲಿ ಹಿಟ್ಟು ಹೊಯ್ದು ಕಡ್ಡಿಯಿಂದ ತಿರುಗಿಸುವ ಚಾಕಚಕ್ಯತೆಯೂ ಹಾಗೇ. ಒಳಗಿರೋದು ಮಾತ್ರ ಆಕ್ಟೋಪಸ್! ಸರಿ, ಅದು ಕಣ್ಣಿಗೆ ಕಾಣುತ್ತದೆ, ಬಿಡಬಹುದು. ಕಷ್ಟ ಕೊಡೋದು ಕಾಣದೇ ಇರುವ ದಾಶಿ. ಕಡಲಪಾಚಿ ಮತ್ತು ಒಣಗಿಸಿದ ಮೀನಿನಿಂದ ತೆಗೆದ ಈ ಸಾರು ಉದೋನ್ ಅನ್ನುವ ದಪ್ಪ ಶಾವಿಗೆಯಲ್ಲಿರುತ್ತದೆ, ಎಲೆಕೋಸು ಹಾಕಿದ ದಪ್ಪ ದೋಸೆಯಂಥ ಓಕೊನೊಮಿಯಾಕಿ ಹಿಟ್ಟಿನಲ್ಲಿರುತ್ತದೆ, ಬರೀ ತರಕಾರಿ ಬೇಯಿಸಿದ ಪಲ್ಯದಲ್ಲೂ ಇರುತ್ತದೆ. ‘ಮಾಂಸ ಬೇಡ’ ಅಂದರೆ ಸಾಲಲ್ಲ. ‘ಮೀನಿನ ದಾಶಿಯೂ ಬೇಡ’ ಅನ್ನುವ ಜಪಾನಿ ವಾಕ್ಯವನ್ನು ಫೋನಿನಲ್ಲಿ ಇಟ್ಟುಕೊಂಡು ತೋರಿಸುತ್ತಿದ್ದೆ. ಒಂದು ಓಕೊನೊಮಿಯಾಕಿ ಅಂಗಡಿಯ ಅಜ್ಜಿ ಅದನ್ನು ಓದಿ, ಒಳಗೆ ಹೋಗಿ ಯಾರನ್ನೋ ಕೇಳಿ ಬಂದು, ಎರಡೂ ಕೈ ಅಡ್ಡ ಹಿಡಿದು ‘ಆಗಲ್ಲ’ ಅಂದರು. ಇದು ನನಗೆ ಹಿಡಿಸಿತು. ಸುಮ್ನೆ ಹೂಂ ಅಂದು ಬಡಿಸಿಬಿಡಬಹುದಿತ್ತು ಅಲ್ವಾ? ಶಿನ್ಸೆಕಾಯ್ ಅನ್ನುವ ಹಳೇ ಬಡಾವಣೆಯಲ್ಲಿ ಕುಶಿಕಾತ್ಸು (ಕಡ್ಡಿಗೆ ಚುಚ್ಚಿ ಎಣ್ಣೆಯಲ್ಲಿ ಕರಿದ ತಿಂಡಿ) ತಿನ್ನೋಣ, ಈರುಳ್ಳಿ, ತಾವರೆ ದಂಟು ಸಿಗುತ್ತದಲ್ಲ ಅಂದುಕೊಂಡರೆ ಅದೇ ಎಣ್ಣೆಯಲ್ಲೇ ಮಾಂಸವನ್ನೂ ಕರಿಯುತ್ತಾರೆ. ಕೊನೆಗೆ ನನ್ನ ಹೊಟ್ಟೆ ತುಂಬಿಸಿದ್ದು ಉಪ್ಪಿನ ಅನ್ನದ ಉಂಡೆ, ಸುಟ್ಟ ಗೆಣಸು, ಹಣ್ಣು, ಮತ್ತು ಭಾರತೀಯ ಹೋಟೆಲುಗಳು.

ಶಿನ್ಸೆಕಾಯ್‌ನಲ್ಲಿ ತಿನ್ನದಿದ್ದರೂ ತ್ಸೂತೆನ್‌ಕಾಕು ಗೋಪುರ ನೋಡಬಹುದು. ಈಗಿನದು 1956ರದ್ದು. ರಾತ್ರಿ ಅದರ ತುದಿಯ ದೀಪ ಮರುದಿನದ ಹವಾಮಾನ ಹೇಳುತ್ತದೆ: ಬಿಳಿ ಅಂದರೆ ಬಿಸಿಲು, ಕಿತ್ತಳೆ ಅಂದರೆ ಮೋಡ, ನೀಲಿ ಅಂದರೆ ಮಳೆ. ಕೊಡೆ ಬೇಕೋ ಬೇಡವೋ ಅಂತ ನಾನು ಅದನ್ನು ನೋಡಿಯೇ ತೀರ್ಮಾನಿಸುತ್ತಿದ್ದೆ.

ಒಸಾಕಾ ಕೋಟೆ ಒಳಗೆ ಹೋಗಲೇಬೇಕು ಅಂತ ನಾನು ಹೇಳಲ್ಲ. ಸೇನಾನಾಯಕ ಹಿದೆಯೋಶಿ 1583ರಲ್ಲಿ ಕಟ್ಟಿಸಲು ಶುರು ಮಾಡಿದ ಕೋಟೆಯ ಗೋಪುರ 1615ರಲ್ಲೇ ಸುಟ್ಟುಹೋಯಿತು. ಆಮೇಲೆ ಕಟ್ಟಿದ್ದಕ್ಕೆ 1665ರಲ್ಲಿ ಸಿಡಿಲು ಬಡಿಯಿತು. ಈಗ ಇರುವುದು ಊರಿನ ಜನ ಚಂದಾ ಎತ್ತಿ 1931ರಲ್ಲಿ ಕಟ್ಟಿಸಿದ ಕಾಂಕ್ರೀಟ್ ಕಟ್ಟಡ, ಒಳಗೆ ಲಿಫ್ಟ್. ಹೊರಗಿನ ಕಂದಕ, ಗೋಡೆ ಮಾತ್ರ ಬಿಡಬೇಡಿ. ಸಾಕುರಾ ಬಾಗಿಲ ಒಳಗಿರುವ ಒಂದೇ ಒಂದು ಕಲ್ಲು ಸುಮಾರು 108 ಟನ್ ಅಂತ ಲೆಕ್ಕ. ನಮ್ಮ ಚಿತ್ರದುರ್ಗದ ಗೋಡೆ ನೋಡಿ ಬೆಳೆದವರೂ ಅದರ ಮುಂದೆ ಸ್ವಲ್ಪ ಹೊತ್ತು ನಿಲ್ಲುತ್ತಾರೆ.

ವಾಪಸ್ ಹೋಗುವವರಿಗೆ ಒಂದು ಮಾತು. ತೆನ್ನೋಜಿ ಕಡೆಯಿಂದ ಕಾನ್ಸಾಯ್ ವಿಮಾನ ನಿಲ್ದಾಣಕ್ಕೆ ಹೋಗುವ ಜೆಆರ್ ರ್‍ಯಾಪಿಡ್ ರೈಲುಗಳಲ್ಲಿ ಹಲವು ಹಿನೆನೋ ಸ್ಟೇಷನ್‌ನಲ್ಲಿ ಎರಡು ತುಂಡಾಗುತ್ತವೆ. ಮುಂದಿನ ನಾಲ್ಕು ಬೋಗಿ ವಿಮಾನ ನಿಲ್ದಾಣಕ್ಕೆ, ಹಿಂದಿನವು ವಾಕಾಯಾಮಾ ಕಡೆಗೆ. ಸೀಟು ಖಾಲಿ ಇದೆ ಅಂತ ಹಿಂದೆ ಹೋಗಿ ಕೂರಬೇಡಿ. 1ರಿಂದ 4ರೊಳಗಿನ ಬೋಗಿ ನೋಡಿ ಹತ್ತಿ.