ಬ್ಯಾಡಗಿ ತಾಯಿ, ಖೋಲ ತಂದೆ: ಪುಣೆಯ ಟೆರೇಸಿನಲ್ಲಿ ಮೆಣಸಿನಕಾಯಿ ಬೆರಕೆ

ಪುಣೆಯಲ್ಲಿ ಎರಡು ಮೆಣಸಿನಕಾಯಿ ತಳಿಗಳನ್ನು ಬೆರಕೆ ಮಾಡಿ ಹೊಸ ತಳಿ ತೆಗೆಯುವವರು ಮೊದಲು ಕ್ಯಾಲೆಂಡರ್ ನೋಡಬೇಕು, ಗಿಡ ಆಮೇಲೆ. ಏಪ್ರಿಲ್-ಮೇ ತಿಂಗಳಲ್ಲಿ ಹಗಲಿನ ಬಿಸಿಲು 38 ಡಿಗ್ರಿ ಮುಟ್ಟಿದರೆ ಹೂ ತೊಟ್ಟಿನ ಸಮೇತ ಉದುರುತ್ತದೆ. ಡಿಸೆಂಬರ್ ಕೊನೆಗೆ ರಾತ್ರಿ 12 ಡಿಗ್ರಿಗಿಂತ ಕೆಳಗಿಳಿದರೆ ಪರಾಗ ಸೋಲುತ್ತದೆ; ಕಾಯಿ ಕಟ್ಟಿದರೂ ಗಿಡ್ಡವಾಗಿ, ಒಳಗೆ ಬೀಜವಿಲ್ಲದೆ ಉಳಿಯುತ್ತದೆ. ಉಳಿದದ್ದು ಸೆಪ್ಟೆಂಬರ್ ನಡುವಿನಿಂದ ನವೆಂಬರ್ ನಡುವಿನವರೆಗಿನ ಎರಡು ತಿಂಗಳು. ಅದಕ್ಕೆ ತಕ್ಕಂತೆ ಹಿಂದಕ್ಕೆ ಎಣಿಸಿ ಜೂನ್ ಮೊದಲ ವಾರ ಬೀಜ ಹಾಕುತ್ತೇನೆ, 35-40 ದಿನದ ಸಸಿಯನ್ನು ಜುಲೈ ನಡುವೆ ಕುಂಡಕ್ಕೆ ಬದಲಿಸುತ್ತೇನೆ. ಸೆಪ್ಟೆಂಬರಿನಲ್ಲಿ ಹೂ ಬರುತ್ತದೆ.

ನನ್ನ ಜೋಡಿ ಬ್ಯಾಡಗಿ ಡಬ್ಬಿ ಮತ್ತು ಗೋವಾದ ಖೋಲ. ಎರಡೂ ಭೌಗೋಳಿಕ ಗುರುತು (ಜಿಐ ಟ್ಯಾಗ್) ಪಡೆದ ತಳಿಗಳು: ಬ್ಯಾಡಗಿಗೆ 2011ರಲ್ಲಿ ಸಿಕ್ಕಿತು, ಖೋಲಕ್ಕೆ 2019ರಲ್ಲಿ. ಬ್ಯಾಡಗಿಯ ಬಣ್ಣ, ಸುಕ್ಕು, ಕಡಿಮೆ ಖಾರ ನಮಗೆಲ್ಲ ಗೊತ್ತು. ಖೋಲ ಕಾಣಕೋಣದ ಗುಡ್ಡದ ಇಳಿಜಾರಿನಲ್ಲಿ ಮಳೆಯನ್ನೇ ನಂಬಿ ಬೆಳೆಯುವ ಗಿಡ, ಖಾರ ಮಧ್ಯಮ. ಜುಲೈ-ಆಗಸ್ಟಿನಲ್ಲಿ ಪುಣೆಯ ಟೆರೇಸಿನಲ್ಲಿ ದಿನವಿಡೀ ಎಲೆ ಒದ್ದೆಯಾಗಿರುವಾಗ ನನ್ನ ಬ್ಯಾಡಗಿ ಮುದುಡಿ ನಿಲ್ಲುತ್ತದೆ, ಖೋಲ ಮುದುಡುವುದಿಲ್ಲ. ಬ್ಯಾಡಗಿಯ ಬಣ್ಣ ಖೋಲದ ಗಟ್ಟಿತನದ ಗಿಡದಲ್ಲಿ ಬರಬೇಕು ಎಂಬುದಷ್ಟೇ ಉದ್ದೇಶ.

ಬೀಜದಲ್ಲೇ ಮೊದಲ ಮೋಸ. ಮಾರ್ಕೆಟ್ ಯಾರ್ಡಿನಲ್ಲಿ ಕೊಂಡ ಒಣಮೆಣಸಿನಕಾಯಿಯ ಬೀಜ ಮೊಳೆಯಬಹುದು, ಆದರೆ ಅದು ಶುದ್ಧ ತಳಿಯಲ್ಲ. ಮೆಣಸಿನ ಹೂ ತನ್ನ ಪರಾಗದಿಂದಲೇ ಕಾಯಿ ಕಟ್ಟಬಲ್ಲದಾದರೂ ಜೇನು, ಇರುವೆ, ಥ್ರಿಪ್ಸ್ ಎಂಬ ಸಣ್ಣ ಕೀಟ ಹೊತ್ತು ತರುವ ಪಾಲು ಸಣ್ಣದಲ್ಲ. ಪ್ರಮಾಣಿತ ಬೀಜೋತ್ಪಾದನೆಯಲ್ಲಿ ಎರಡು ತಳಿಗಳ ನಡುವೆ 200 ಮೀಟರ್ ಅಂತರ ಕೇಳುವುದು ಅದಕ್ಕೇ. ಊರಲ್ಲಿ ಒಂದೇ ತಳಿ ಹಾಕುವ ರೈತರಿಂದ ಬೀಜ ತರಿಸುವುದು ಒಳ್ಳೆಯದು. ಖೋಲಕ್ಕೆ ಮಳೆಗಾಲದ ಮುಂಚೆ ಗೋವಾದಲ್ಲಿ ನಡೆಯುವ ಪುರುಮೆಂತ್ ಸಂತೆಯೇ ಸರಿ; ಮೇ ತಿಂಗಳಲ್ಲಿ ಕೊಂಡರೆ ಜೂನ್ ಬಿತ್ತನೆಗೆ ಸಿಗುತ್ತದೆ. ಯಾವ ಮೂಲದ್ದೇ ಆಗಲಿ, ಮೊದಲ ವರ್ಷ ತಳಿಗೆ ನಾಲ್ಕು ಗಿಡ ಬೆಳೆಸಿ, ನಾಲ್ಕೂ ಒಂದೇ ಬಗೆಯ ಕಾಯಿ ಕೊಟ್ಟರೆ ಮಾತ್ರ ಬೆರಕೆಗೆ ಇಳಿಯುತ್ತೇನೆ. ಈ ಒಂದು ವರ್ಷವನ್ನು ಉಳಿಸಲು ಹೋದವರು ಮುಂದೆ ಮೂರು ವರ್ಷ ಗೊಂದಲದಲ್ಲಿ ಕಳೆಯುತ್ತಾರೆ.

ಕುಂಡಕ್ಕೆ ಪುಣೆಯ ಕರಿ ಎರೆಮಣ್ಣು ಬೇಡ. ಮಳೆಯಲ್ಲಿ ಅಂಟಾಗುತ್ತದೆ, ಬಿಸಿಲಲ್ಲಿ ಬಿರಿಯುತ್ತದೆ, ಬೇರಿಗೆ ಗಾಳಿ ಸಿಗುವುದಿಲ್ಲ. ನರ್ಸರಿಯಲ್ಲಿ ‘ಲಾಲ್ ಮಾತಿ’ ಎಂದು ಕೇಳಿದರೆ ಸಿಗುವ ಕೆಂಪುಮಣ್ಣು ಎರಡು ಪಾಲು, ಕೋಕೋಪೀಟ್ ಒಂದು, ಎರೆಗೊಬ್ಬರ ಒಂದು, 12 ಇಂಚಿನ ಚೀಲಕ್ಕೆ ಎರಡು ಮುಷ್ಟಿ ಬೇವಿನ ಹಿಂಡಿ. ಹೂ ಬರುವವರೆಗೆ ಹದಿನೈದು ದಿನಕ್ಕೊಮ್ಮೆ 19:19:19 ಗೊಬ್ಬರ (ಸಾರಜನಕ, ರಂಜಕ, ಪೊಟ್ಯಾಷ್ ಸಮಪಾಲು) ಲೀಟರಿಗೆ 2 ಗ್ರಾಂ ಸಾಕು. ಹೂ ಕಂಡ ಮೇಲೂ ಸಾರಜನಕ ಸುರಿದರೆ ಗಿಡ ಸೊಪ್ಪಾಗಿ ಬೆಳೆದು ಹೂ ಉದುರಿಸುತ್ತದೆ.

ಇನ್ನು ಬೆರಕೆ. ಬೇಕಾದದ್ದು ಮೊನಚು ತುದಿಯ ಚಿಮ್ಮಟ, ಸರ್ಜಿಕಲ್ ಸ್ಪಿರಿಟ್, ಹತ್ತಿ, ಬಣ್ಣದ ದಾರ, ಕಣ್ಣು ಮಂದವಾಗಿದ್ದರೆ ಒಂದು ಭೂತಗನ್ನಡಿ. ಸಂಜೆ ನಾಲ್ಕರ ನಂತರ ತಾಯಿ ಗಿಡದಲ್ಲಿ ಮರುದಿನ ಅರಳಲಿರುವ ಮೊಗ್ಗು ಹುಡುಕಬೇಕು. ಗುರುತು ಇಷ್ಟೇ: ಮೊಗ್ಗು ಉಬ್ಬಿ ಬೆಳ್ಳಗಾಗಿರುತ್ತದೆ, ಎಸಳು ಇನ್ನೂ ಬಿಚ್ಚಿರುವುದಿಲ್ಲ. ಹಸಿರು ಮೊಗ್ಗು ತೀರಾ ಎಳಸು, ಚಿಮ್ಮಟ ತಾಕಿದರೆ ಉದುರುತ್ತದೆ. ತುದಿ ಸ್ವಲ್ಪ ಬಿಚ್ಚಿದ್ದರೆ ತಡವಾಯಿತು, ಒಳಗೆ ಪರಾಗ ಸುರಿದಿರಬಹುದು. ಎಸಳುಗಳನ್ನು ಒಂದೊಂದಾಗಿ ಕಿತ್ತರೆ ನಡುವೆ ಶಲಾಕೆ (ಪರಾಗ ಹಿಡಿಯುವ ಹೆಣ್ಣು ಕಡ್ಡಿ), ಸುತ್ತ ಐದಾರು ನೀಲಿ ಪರಾಗಕೋಶಗಳು ಕಾಣುತ್ತವೆ. ಕೋಶವನ್ನು ಹಿಚುಕದೆ, ಅದರ ಕಾಲನ್ನು ಹಿಡಿದು ಎತ್ತಬೇಕು. ಒಂದು ಒಡೆದರೂ ಆ ಹೂ ಬಿಟ್ಟುಬಿಡಿ, ಚಿಮ್ಮಟವನ್ನು ಸ್ಪಿರಿಟ್ಟಿನಲ್ಲಿ ಅದ್ದಿ ಒಣಗಿಸಿ ಮುಂದಿನದಕ್ಕೆ ಹೋಗಿ. ಒದ್ದೆ ಚಿಮ್ಮಟದ ಸ್ಪಿರಿಟ್ ಶಲಾಕೆಯನ್ನೇ ಸುಡುತ್ತದೆ. ಮುಗಿದ ಹೂವಿಗೆ ಚೂರು ಹತ್ತಿಯ ಟೊಪ್ಪಿಗೆ.

ಮರುದಿನ ಬೆಳಿಗ್ಗೆ ಏಳಕ್ಕೆ ತಂದೆ ಗಿಡದಿಂದ ಆಗಷ್ಟೇ ಅರಳಿದ ಹೂ ಕಿತ್ತು ಕಾಗದದ ಮೇಲೆ ಇಡುತ್ತೇನೆ. ಮನೆಯೊಳಗಿನ ಒಣ ಗಾಳಿಯಲ್ಲಿ ಗಂಟೆಯೊಳಗೆ ಕೋಶ ಬಿರಿದು ಬಿಳಿ ಪುಡಿ ಕಾಣುತ್ತದೆ. ಮಳೆ ಹಿಡಿದ ದಿನ ಬಿರಿಯದಿದ್ದರೆ ಟೇಬಲ್ ಲ್ಯಾಂಪಿನ ಕೆಳಗೆ ಒಂದಡಿ ದೂರ ಇಟ್ಟರಾಯಿತು. ಹೂವನ್ನೇ ಕುಂಚದಂತೆ ಹಿಡಿದು ಪುಡಿಯನ್ನು ಶಲಾಕೆಯ ತುದಿಗೆ, ಅದು ಬೆಳ್ಳಗೆ ಕಾಣುವಷ್ಟು ತಾಕಿಸುವುದು. ಹತ್ತಿ ಮತ್ತೆ ಮುಚ್ಚಿ, ತೊಟ್ಟಿಗೆ ಸಡಿಲವಾಗಿ ದಾರ ಕಟ್ಟಿ. ಒಂಬತ್ತೂವರೆಯ ಮೇಲೆ ಈ ಕೆಲಸ ಬೇಡ. ವಾರದಲ್ಲಿ ತೊಟ್ಟು ಹಳದಿಯಾಗಿ ಬಿದ್ದರೆ ಸೋತಿತು, ಹಸಿರಾಗಿ ದಪ್ಪವಾದರೆ ಕಟ್ಟಿತು. ನನಗೆ ಹತ್ತಕ್ಕೆ ಮೂರು ನಿಲ್ಲುತ್ತವೆ. ಅದೇ ಗಿಡದಲ್ಲಿ ಮೊದಲೇ ಕಟ್ಟಿದ ಕಾಯಿಗಳನ್ನೆಲ್ಲ ಕಿತ್ತು ಸಾಂಬಾರಿಗೆ ಹಾಕಿದರೆ ಈ ಲೆಕ್ಕ ಇನ್ನೂ ಮೇಲೇರುತ್ತದೆ, ಏಕೆಂದರೆ ಕಾಯಿ ತುಂಬಿದ ಗಿಡ ಹೊಸ ಹೂವನ್ನು ತಾನೇ ಉದುರಿಸುತ್ತದೆ.

ಕೈ ಪಳಗುವವರೆಗೆ ಬೇರೆ ಜೋಡಿಯಲ್ಲಿ ಅಭ್ಯಾಸ ಮಾಡುವುದು ಜಾಣತನ. ತಾಯಿ ಯಾವುದಾದರೂ ಹಸಿರು ಗಿಡ, ತಂದೆ ನರ್ಸರಿಯ ನೇರಳೆ ಎಲೆಯ ಅಲಂಕಾರಿಕ ಮೆಣಸು. ಬೆರಕೆ ನಿಜವಾಗಿದ್ದರೆ ಸಸಿಯ ಕಾಂಡದಲ್ಲೇ ನೇರಳೆ ಛಾಯೆ ಕಾಣುತ್ತದೆ. ಬರೀ ಹಸಿರಾಗಿದ್ದರೆ ಕೋಶ ಕೀಳುವಾಗ ಕೈ ತಪ್ಪಿದೆ. ಸೂಜಿಮೆಣಸನ್ನು ಮಾತ್ರ ಇದಕ್ಕೆ ಎಳೆಯಬೇಡಿ. ಅದು ಬೇರೆ ಪ್ರಭೇದ, ಕಾಯಿ ಕಟ್ಟಿದರೂ ಬೀಜ ಜೊಳ್ಳಾಗುವುದೇ ಹೆಚ್ಚು.

ಬೆರಕೆಯ ಕಾಯಿ ತಾಯಿಯಂತೆಯೇ ಇರುತ್ತದೆ. ಖಾರದ ಗಿಡದ ಪಕ್ಕದಲ್ಲಿಟ್ಟ ದೊಣ್ಣೆಮೆಣಸು ಅದೇ ವರ್ಷ ಖಾರವಾಗುತ್ತದೆ ಎನ್ನುವುದು ಬರೀ ಮಾತು. ಬದಲಾವಣೆ ಬೀಜದೊಳಗಿದೆ. ಪರಾಗ ಹಾಕಿದ 50-60 ದಿನಕ್ಕೆ ಕಾಯಿ ಪೂರ್ತಿ ಕೆಂಪಾದ ಮೇಲೂ ಒಂದು ವಾರ ಗಿಡದಲ್ಲೇ ಬಿಟ್ಟು, ಬೀಜವನ್ನು ನೆರಳಲ್ಲಿ ಒಣಗಿಸುತ್ತೇನೆ. ಗಿಳಿಗಳಿಗೆ ಈ ವಾರ ಹೇಗೋ ಗೊತ್ತಾಗುತ್ತದೆ, ಹಾಗಾಗಿ ಕೆಂಪಾಗುವ ಮೊದಲೇ ಪ್ರತಿ ಕಾಯಿಗೂ ಬಲೆಬಟ್ಟೆಯ ಚೀಲ.

ಬೆರಕೆಯ ಮರುವರ್ಷ ಆ ಬೀಜದಿಂದ ಬಂದ ಗಿಡಗಳು ಎಲ್ಲ ಒಂದೇ ಥರ, ನೋಡಲು ಸೊಗಸು. ಇಲ್ಲೇ ತಳಿ ಸಿಕ್ಕಿತು ಎಂದುಕೊಳ್ಳುವವರು ಬಹಳ. ಮೂರು ಗಿಡ ಸಾಕು. ಹೂವಿಗೆ ಬಲೆಚೀಲ ಕಟ್ಟಿ ತನ್ನಷ್ಟಕ್ಕೆ ಕಾಯಿ ಕಟ್ಟಿಸಬೇಕು. ಅರಳುವ ಮೊದಲು ಮೊಗ್ಗಿನ ತುದಿಗೆ ಫೆವಿಕಾಲ್ ತೊಟ್ಟು ಇಟ್ಟು ಬಾಯಿ ಮುಚ್ಚಿಸಿದರೂ ನಡೆಯುತ್ತದೆ.

ಅದರ ಮುಂದಿನ ವರ್ಷ ಗುಣಗಳು ಚೆದುರುತ್ತವೆ, ಟೆರೇಸು ಸಾಲದಾಗುತ್ತದೆ. ಮರುವರ್ಷದ ಗಿಡಗಳಲ್ಲಿ ಕಾಣದೆ ಅಡಗಿದ ಒಂದೇ ಗುಣ ಬೇಕಿದ್ದರೆ ನಾಲ್ಕರಲ್ಲಿ ಒಂದು ಗಿಡದಲ್ಲಿ ಕಾಣಬೇಕು. 11 ಗಿಡ ಹಾಕಿದರೆ ಕನಿಷ್ಠ ಒಂದಾದರೂ ಸಿಗುವ ಸಾಧ್ಯತೆ ನೂರಕ್ಕೆ 95. ಅಂಥ ಎರಡು ಗುಣ ಒಟ್ಟಿಗೆ ಬೇಕಿದ್ದರೆ ಹದಿನಾರರಲ್ಲಿ ಒಂದು, ಅಷ್ಟೇ ಭರವಸೆಗೆ 47 ಗಿಡ ಬೇಕು. ಬಣ್ಣ, ಖಾರ ಎರಡೂ ಒಂದೊಂದು ವಂಶವಾಹಿಯ ಆಟವಲ್ಲವಾದ್ದರಿಂದ ಲೆಕ್ಕ ಇನ್ನೂ ಬಿಗಿ. 48 ಗಿಡಗಳನ್ನು 8 ಇಂಚಿನ ಚೀಲದಲ್ಲಿ ಬೆಳೆಸುತ್ತೇನೆ, ಆಗಸ್ಟ್ ಕೊನೆಗೆ ಎಲೆ ಮುದುಡಿದವನ್ನು ಕಿತ್ತೊಗೆಯುತ್ತೇನೆ. ಎಲೆ ಮೇಲಕ್ಕೆ ದೋಣಿಯಂತೆ ಮಡಚಿದರೆ ಥ್ರಿಪ್ಸ್, ಕೆಳಕ್ಕೆ ಮಡಚಿ ತೊಟ್ಟು ಉದ್ದವಾದರೆ ನುಸಿ (ಮೈಟ್). ಮೊದಲಿನದಕ್ಕೆ ಬೇವಿನೆಣ್ಣೆ ಲೀಟರಿಗೆ 5 ಮಿಲಿ, ಸ್ವಲ್ಪ ಸೋಪಿನ ದ್ರಾವಣದೊಂದಿಗೆ. ಎರಡನೆಯದಕ್ಕೆ ನೀರಲ್ಲಿ ಕರಗುವ ಗಂಧಕ 3 ಗ್ರಾಂ. ಎರಡನ್ನೂ ಒಂದೇ ವಾರದಲ್ಲಿ ಹೊಡೆದರೆ ಎಲೆ ಸುಡುತ್ತದೆ. ಆದರೆ ತಾಳಿಕೆಯನ್ನೇ ಹುಡುಕುವ ಈ 48 ಗಿಡಗಳಿಗೆ ಹೂ ಬರುವ ಮೊದಲು ಯಾವ ಔಷಧಿಯನ್ನೂ ಹೊಡೆಯುವುದಿಲ್ಲ.

ಉಳಿದವುಗಳ ಬಣ್ಣ ನೋಡಲು ಒಣ ಕಾಯಿಯ ಬೀಜ ತೆಗೆದು ಪುಡಿ ಮಾಡಿ, 1 ಗ್ರಾಂ ಪುಡಿಯನ್ನು 20 ಮಿಲಿ ಬೆಚ್ಚಗಿನ ಎಣ್ಣೆಯಲ್ಲಿ ರಾತ್ರಿಯಿಡೀ ಇಟ್ಟು, ಶುದ್ಧ ಬ್ಯಾಡಗಿಯ ಗಾಜಿನ ಲೋಟದ ಪಕ್ಕದಲ್ಲಿಟ್ಟು ಹೋಲಿಸುವುದು. ಖಾರ ನೋಡುವಾಗ ಎಲ್ಲ ಕಾಯಿಯಲ್ಲೂ ನಡುಭಾಗದ ಸಿಪ್ಪೆಯನ್ನೇ ಕಚ್ಚಬೇಕು. ಖಾರ ಹುಟ್ಟುವುದು ಬೀಜ ಅಂಟಿರುವ ಬಿಳಿ ಪೊರೆಯಲ್ಲಿ, ತೊಟ್ಟಿನ ಬಳಿ ಕಚ್ಚಿದರೆ ಯಾವುದೂ ಸೌಮ್ಯ ಅನಿಸುವುದಿಲ್ಲ. ನೀರು ಕಡಿಮೆಯಾದ ಕುಂಡದ ಕಾಯಿ ಹೆಚ್ಚು ಖಾರವಾಗುವುದರಿಂದ ಕಾಯಿ ಬಲಿಯುವ ತಿಂಗಳು ಎಲ್ಲಕ್ಕೂ ಅಳತೆಯ ನೀರು. ಕೊನೆಗೆ ಎರಡು, ಹೆಚ್ಚೆಂದರೆ ಮೂರು ಗಿಡದ ಬೀಜ ಕವರಿನಲ್ಲಿ ಉಳಿಯುತ್ತದೆ. ಗಿಡದ ನಂಬರು, ತಾರೀಕು ಬರೆದು, ಸಿಲಿಕಾ ಪೊಟ್ಟಣದೊಂದಿಗೆ ಗಾಳಿಯಾಡದ ಬಾಟಲಿಯಲ್ಲಿ ಫ್ರಿಜ್ಜಿಗೆ. ಮಿಕ್ಕ ಗಿಡಗಳ ಕಾಯಿ ಒಟ್ಟಿಗೆ ಒಣಗಿಸಿ ಪುಡಿ ಮಾಡಿದರೆ ಮನೆಯ ವರ್ಷದ ಖಾರದ ಪುಡಿ ಆಗುತ್ತದೆ.