ಮೂಲ ಸ್ಲಾವಿಕ್‌ನ *ನೆಬೊ: ಒಂದು ವಿಭಕ್ತಿಪಟ್ಟಿಯನ್ನು ಕಟ್ಟಿದ ಬಗೆ

ರಷ್ಯನ್, ಪೋಲಿಷ್, ಚೆಕ್ ಮುಂತಾದವುಗಳ ಪೂರ್ವಜವಾದ ಮೂಲ ಸ್ಲಾವಿಕ್ ಭಾಷೆಯದೆನ್ನಬಹುದಾದ ಒಂದು ಸಾಲಿನ ಬರಹವೂ ಉಳಿದಿಲ್ಲವಾದ್ದರಿಂದ, ಆಕಾಶವೆಂಬ ಅರ್ಥದ *ನೆಬೊ (ನಕ್ಷತ್ರ ಚಿಹ್ನೆ ಬರಹದಲ್ಲಿ ಸಿಗದ, ಮರುರಚಿಸಿದ ರೂಪದ ಗುರುತು) ಪದದ ರೂಪಗಳನ್ನು ಮರುರಚಿಸಲು ನಾನು ಅದರ ಸಂತತಿಯ ಭಾಷೆಗಳಿಂದ ಹಿಂದಕ್ಕೆ ನಡೆಯಬೇಕಾಯಿತು.

ಪ್ರಥಮಾ ಏಕವಚನದಿಂದ ಹೆಚ್ಚೇನೂ ತಿಳಿಯಲಿಲ್ಲ. ಇಂದಿನ ರಷ್ಯನ್‌ನಲ್ಲಿ ಅದು ಒಕಾರಾಂತವಾದ ಉಳಿದ ನಪುಂಸಕ ಪದಗಳಂತೆಯೇ ನಡೆಯುತ್ತದೆ. ಷಷ್ಠಿಯೂ ಸರಳವಾಗಿ ‘ನೇಬ’. ಸುಳಿವು ಇದ್ದದ್ದು ಬಹುವಚನದಲ್ಲಿ: ರಷ್ಯನ್ ಮತ್ತು ಚೆಕ್‌ನಲ್ಲಿ ‘ನೆಬೆಸಾ’, ಪೋಲಿಷ್‌ನಲ್ಲಿ ‘ನ್ಯೆಬ್ಯೊಸಾ’. 9ನೆಯ ಶತಮಾನದಲ್ಲಿ ಬರಹಕ್ಕಿಳಿದ ಹಳೆಯ ಚರ್ಚ್ ಸ್ಲಾವೊನಿಕ್‌ನಲ್ಲಿ ಈ ಸಕಾರ ಏಕವಚನದಲ್ಲೂ ಕಾಣುತ್ತದೆ: ಷಷ್ಠಿ ‘ನೆಬೆಸೆ’, ಚತುರ್ಥಿ ‘ನೆಬೆಸಿ’. ಅಲ್ಲಿಗೆ ಪ್ರಕೃತಿ, ಅಂದರೆ ವಿಭಕ್ತಿ ಪ್ರತ್ಯಯಗಳು ಸೇರುವ ಮೂಲರೂಪ, ಸಕಾರಾಂತವೆಂದು ಖಚಿತವಾಯಿತು. ಸಂಸ್ಕೃತದ ‘ನಭಸ್, ನಭಸಃ’ ರೂಪಗಳನ್ನು ಬಲ್ಲವರಿಗೆ ಪಟ್ಟಿಯ ಉಳಿದ ಭಾಗ ಅಪರಿಚಿತವೆನಿಸದು.

ಧ್ವನಿನಿಯಮಗಳ ಪರೀಕ್ಷೆಯಲ್ಲಿಯೇ ನಾನು ಹೆಚ್ಚು ಹೊತ್ತು ನಿಂತದ್ದು. ಇ, ಉ, ರ್, ಕ್ ಧ್ವನಿಗಳ ನಂತರದ ಸಕಾರ ಸ್ಲಾವಿಕ್‌ನಲ್ಲಿ ‘ಖ’ಕಾರಕ್ಕೆ ಸಮೀಪದ ಘರ್ಷಧ್ವನಿಯಾಗುತ್ತದೆ; ಇಲ್ಲಿ ಹಿಂದಿರುವುದು ಎಕಾರವಾದ್ದರಿಂದ ಅದು ಹಾಗೆಯೇ ಉಳಿದಿದೆ. ಪದಾಂತ್ಯದ ವ್ಯಂಜನಗಳು ಲೋಪವಾಗುವ ಭಾಷೆಯಲ್ಲಿ ಇನ್ನೂ ಹಿಂದಿನ ಇಂಡೋ-ಯುರೋಪಿಯನ್ ರೂಪವಾದ *ನೆಭೊಸ್ ತನ್ನ ಕೊನೆಯ ಸಕಾರವನ್ನು ಕಳೆದುಕೊಂಡದ್ದೂ ಸಹಜವೇ. ತೊಡಕಿರುವುದು ಉಳಿದ ಸ್ವರದಲ್ಲಿ: ಪುಲ್ಲಿಂಗದ *-ಒಸ್ ಹ್ರಸ್ವತರ ಉಕಾರವಾಗಿರುವಾಗ ಇದೇಕೆ ಒಕಾರವಾಗಿಯೇ ನಿಂತಿತು? ವಿದ್ವಾಂಸರಲ್ಲಿ ಒಮ್ಮತವಿಲ್ಲ; ‘ಅದು’ ಎಂಬರ್ಥದ *ತೊ ಸರ್ವನಾಮದ ಸಾದೃಶ್ಯವೇ ಕಾರಣವೆಂಬ ವಾದ ನನಗೆ ಒಪ್ಪಿಗೆಯಾಗುತ್ತದೆ. ರಷ್ಯನ್ ಪದದ ಮೊದಲ ಎಕಾರವನ್ನು ಮಾತ್ರ ಸಾಕ್ಷ್ಯವಾಗಿ ಬಳಸಲಿಲ್ಲ, ಏಕೆಂದರೆ ಅದು ಚರ್ಚ್ ಭಾಷೆಯ ಉಚ್ಚಾರಣೆ. ಅದೇ ಪದದ ದೇಶೀಯ ಬೆಳವಣಿಗೆಯಾದ ‘ನ್ಯೋಬ’ ಇಂದು ಬಾಯಿಯ ಅಂಗುಳನ್ನು ಸೂಚಿಸುತ್ತದೆ. ಪೋಲಿಷ್‌ನಲ್ಲಿ ಇಂಥ ಗೊಂದಲವಿಲ್ಲ: ಯಕಾರದ ಛಾಯೆಯಿಲ್ಲದ ಗಡಸು ಸಕಾರದ ಹಿಂದೆ ಎಕಾರ ಒಕಾರವಾಗಿ ‘ನ್ಯೆಬ್ಯೊಸಾ’ ಆಗಿದೆ, ನೀಲಿ ಎಂಬರ್ಥದ ‘ನ್ಯೆಬ್ಯೆಸ್ಕಿ’ಯಲ್ಲಿ ಸಕಾರ ಹಿಂದೊಮ್ಮೆ ಮೃದುವಾಗಿದ್ದುದರಿಂದ ಎಕಾರ ಉಳಿದಿದೆ.

ಅರ್ಥದ ಅಂಕಣಕ್ಕೆ ಕೊನೆಗೆ ಬಂದೆ. ಗ್ರೀಕ್‌ನ ‘ನೆಫೊಸ್’ ಮೋಡ, ಪ್ರಾಚೀನ ಅನಾಟೋಲಿಯಾದ ಭಾಷೆಯಾದ ಹಿಟ್ಟೈಟ್‌ನ ‘ನೆಪಿಶ್’ ಆಕಾಶ. ಆದಿಯಲ್ಲಿ ನಕಾರಕ್ಕೆ ಬದಲಾಗಿ ದಕಾರವಿರುವ ಲಿಥುವೇನಿಯನ್‌ನ ‘ದೆಬೆಸಿಸ್’ ಮತ್ತೆ ಮೋಡ. ಸ್ಲಾವಿಕ್ ಭಾಷೆಗಳು ಆಕಾಶದ ಪರವಾಗಿ ನಿಲ್ಲುವುದರಿಂದ ಆ ಒಂದೇ ಅರ್ಥವನ್ನು ಬರೆದುಕೊಂಡೆ. ಮೋಡಕ್ಕೆ ಅವು ‘ಸುತ್ತ ಎಳೆದುಕೊಂಡದ್ದು’ ಎಂಬರ್ಥದ ಧಾತುವಿನಿಂದ *ಒಬ್ಲಾಕು ಎಂಬ ಬೇರೆಯೇ ಪದವನ್ನು ಕಟ್ಟಿಕೊಂಡಿವೆ.