ಡ್ರೋನ್ ಏರಿಸುವ ಮುನ್ನ ಬೇಲಿಯಿಂದ ಅಳೆಯಿರಿ

ಅಕ್ಕನ ಮಗ ಹೊಸದಾಗಿ ಡ್ರೋನ್ ಕೊಂಡಿದ್ದ. ದೇವನಹಳ್ಳಿ ತಾಲ್ಲೂಕಿನ ವಿಜಯಪುರದ ಕಡೆ ಗೆಳೆಯನ ದ್ರಾಕ್ಷಿ ತೋಟವಿದೆ, ಭಾನುವಾರ ಬೆಳಿಗ್ಗೆ ಅಲ್ಲೇ ಮೊದಲ ಹಾರಾಟ ಎಂದು ನಿಶ್ಚಯವಾಗಿತ್ತು.

‘ಮಾವ, ಎಲ್ಲಾ ನೋಡ್ಕೊಂಡಿದೀನಿ. ಎಂಟು ಕಿಲೋಮೀಟರ್ ಬಿಟ್ಟು ಹಾರಿಸ್ಬೇಕು ಅಂತ ರೂಲ್ಸು. ತೋಟ ಏರ್‌ಪೋರ್ಟಿಂದ ಒಂಬತ್ತೂವರೆ ಐತೆ.’

‘ಏರ್‌ಪೋರ್ಟಲ್ಲಿ ಎಲ್ಲಿಂದ ಅಳೆದ್ಯೋ?’

ಫೋನ್ ಮುಂದಕ್ಕೆ ಹಿಡಿದ. ಗೂಗಲ್ ಮ್ಯಾಪಿನಲ್ಲಿ ಟರ್ಮಿನಲ್ ಕಟ್ಟಡದ ಮೇಲೆ ಗುರುತು, ಅಲ್ಲಿಂದ ತೋಟಕ್ಕೆ ಒಂದು ಗೆರೆ. ನಾನು ಗೆರೆಯ ಆ ತುದಿಯನ್ನು ಎಳೆದು ವಿಮಾನ ನಿಲ್ದಾಣದ ಪೂರ್ವದ ಕಾಂಪೌಂಡಿಗೆ ತಂದಿಟ್ಟೆ. ಅಂಕಿ ಇಳಿಯುತ್ತಾ ಇಳಿಯುತ್ತಾ ಏಳರ ಕೆಳಗೆ ಬಂದು ನಿಂತಿತು. ಹುಡುಗನ ಮುಖವೂ ಇಳಿಯಿತು.

ಮದುವೆ ಫೋಟೊ ತೆಗೆಯುವವರು, ರೀಲ್ಸ್ ಮಾಡುವವರು, ಸೈಟು ಮಾರುವವರು ಎಲ್ಲರೂ ಎಡವುವುದು ಇಲ್ಲೇ. ಆದ್ದರಿಂದ ಅಳತೆಯ ಹಂತವನ್ನು ಹಿಗ್ಗಿಸಿ ಹೇಳುತ್ತೇನೆ, ಉಳಿದದ್ದನ್ನು ಬೇಗ ಬೇಗ ಮುಗಿಸುತ್ತೇನೆ.

ಒಂದು: ತೂಕ ತಿಳಿದುಕೊಳ್ಳಿ

250 ಗ್ರಾಂವರೆಗಿನದು ನ್ಯಾನೊ, ಅದಕ್ಕಿಂತ ಹೆಚ್ಚಿದ್ದು 2 ಕೆ.ಜಿ.ವರೆಗೆ ಮೈಕ್ರೊ. ಹವ್ಯಾಸಿಗಳ ಕೈಯಲ್ಲಿರುವುದು ಬಹುಪಾಲು ಇವೆರಡೇ. ನ್ಯಾನೊ ಹಾರಿಸಲು, ಮತ್ತು ಸಂಪಾದನೆಗಲ್ಲದೆ ಮೈಕ್ರೊ ಹಾರಿಸಲು, ಪೈಲಟ್ ಪ್ರಮಾಣಪತ್ರ ಬೇಡ. ದುಡ್ಡು ತೆಗೆದುಕೊಂಡು ಮದುವೆ ಶೂಟ್ ಮಾಡುವವರ ಮೈಕ್ರೊಗೆ ಬೇಕು. ನೋಂದಣಿ ಸಂಖ್ಯೆಯ ಕೆಲಸ ಬೇರೆಯೇ ಇದೆ, ಅದನ್ನು ಮೊದಲೇ ಮುಗಿಸಿಕೊಳ್ಳಿ.

ಅಂಗಡಿಯವರ ಮಾತೊಂದಿದೆ: ‘249 ಗ್ರಾಂ ಸಾರ್, ಎಲ್ಲಿ ಬೇಕಾದ್ರೂ ಹಾರಿಸಿ.’ ನನಗೂ ಒಬ್ಬರು ಇದನ್ನೇ ಹೇಳಿ ಡಬ್ಬ ಕೈಗಿಟ್ಟಿದ್ದರು. ಸುಳ್ಳು. ತೂಕ ಕಡಿಮೆಯಾದರೆ ಕಾಗದಪತ್ರ ಕಡಿಮೆಯಾಗುತ್ತದೆ, ಮುಂದೆ ಹೇಳುವ ನಕ್ಷೆಯಲ್ಲಿ ಆ ಜಾಗದ ಆಕಾಶಕ್ಕೆ ಕೊಟ್ಟಿರುವ ಬಣ್ಣ ಬದಲಾಗುವುದಿಲ್ಲ. ಅಂದಹಾಗೆ, ವಿದೇಶದಲ್ಲಿ ತಯಾರಾದ ಡ್ರೋನ್‌ಗಳನ್ನು ಆಮದು ಮಾಡಿಕೊಳ್ಳುವುದನ್ನು ಕೇಂದ್ರ ಸರ್ಕಾರ 2022ರ ಫೆಬ್ರುವರಿಯಲ್ಲೇ ನಿಷೇಧಿಸಿದೆ. ಬಿಲ್ಲಿಲ್ಲದೆ ಅಗ್ಗಕ್ಕೆ ಸಿಗುತ್ತದೆಂದು ತರುವವರು ನಾಳೆ ಪೊಲೀಸರ ಮುಂದೆ ಯಾವ ಕಾಗದ ಹಿಡಿಯುತ್ತಾರೆ ಎಂದು ಈಗಲೇ ಯೋಚಿಸಲಿ.

ಎರಡು: ನಕ್ಷೆ ತೆರೆಯಿರಿ

ಡಿಜಿಟಲ್ ಸ್ಕೈ ಎಂಬುದು ಸರ್ಕಾರದ ತಾಣ. ಅದರ ವಾಯುಪ್ರದೇಶ ನಕ್ಷೆ ಬಂದದ್ದು 2021ರ ಸೆಪ್ಟೆಂಬರಿನಲ್ಲಿ. ಲಾಗಿನ್ ಬೇಡ, ದುಡ್ಡು ಬೇಡ. ಮೂರು ಬಣ್ಣ. ಕೆಂಪೆಂದರೆ ಕೇಂದ್ರ ಸರ್ಕಾರದ ಅನುಮತಿ ಬೇಕು, ಹವ್ಯಾಸಿಗಳು ಆ ಆಸೆ ಬಿಡುವುದೇ ಮೇಲು. ಹಳದಿಗೆ ವಾಯು ಸಂಚಾರ ನಿಯಂತ್ರಣದವರ ಅನುಮತಿ ಬೇಕು. ಹಸಿರಿದ್ದರೆ ನೆಲದಿಂದ 120 ಮೀಟರ್, ಅಂದರೆ 400 ಅಡಿವರೆಗೆ ಯಾರನ್ನೂ ಕೇಳಬೇಕಿಲ್ಲ.

ಇದನ್ನು ಕಂಪ್ಯೂಟರಿನಲ್ಲೇ ನೋಡಿ. ಫೋನಿನ ಪುಟ್ಟ ಪರದೆಯಲ್ಲಿ ಹಳದಿಯ ಅಂಚು ಎಲ್ಲಿ ಮುಗಿಯಿತು, ನಿಮ್ಮ ಹೊಲ ಎಲ್ಲಿ ಶುರುವಾಯಿತು ಎಂಬುದು ತಿಳಿಯುವುದಿಲ್ಲ.

ಡ್ರೋನಿನ ಜೊತೆ ಬರುವ ಆ್ಯಪ್ ತಡೆಯಲಿಲ್ಲವಾದ್ದರಿಂದ ಹಾರಿಸಬಹುದು ಎಂದುಕೊಳ್ಳಬೇಡಿ. ಆ ಆ್ಯಪ್ ಕಂಪನಿಯದು, ಕಾನೂನು ನಮ್ಮದು. ಡ್ರೋನ್ ತಯಾರಿಸುವ ಡಿಜೆಐ ಕಂಪನಿಯಂತೂ 2025ರ ಜನವರಿಯಲ್ಲಿ ಅಮೆರಿಕದಲ್ಲಿ ವಿಮಾನ ನಿಲ್ದಾಣಗಳ ಸುತ್ತಲಿನ ಕಡ್ಡಾಯ ತಡೆಯನ್ನೇ ತೆಗೆದು ಬರೀ ಎಚ್ಚರಿಕೆಯ ಸಂದೇಶಕ್ಕೆ ಇಳಿಸಿಬಿಟ್ಟಿತು. ಹಳೆಯ ಯೂಟ್ಯೂಬ್ ವಿಡಿಯೊಗಳನ್ನೂ ನಂಬಬೇಡಿ. ‘45 ಕಿಲೋಮೀಟರ್ ಹಳದಿ ವಲಯ’ ಎನ್ನುವ ವಿಡಿಯೊ ಕಂಡರೆ ಅದು 2021ರ ಆಗಸ್ಟಿಗಿಂತ ಹಿಂದಿನದು. ಆಗ ಬಂದ ಡ್ರೋನ್ ನಿಯಮಗಳಲ್ಲಿ 45 ಇದ್ದದ್ದು 12ಕ್ಕೆ ಇಳಿದಿದೆ.

ಮೂರು: ಅಳೆಯಿರಿ, ಬೇಲಿಯಿಂದ

ನಿಯಮದಲ್ಲಿರುವುದು ‘ವಿಮಾನ ನಿಲ್ದಾಣದಿಂದ’ ಎಂದಲ್ಲ. ನಿಲ್ದಾಣದ ಪರಿಧಿಯಿಂದ, ಅಂದರೆ ಸುತ್ತುಗೋಡೆಯಿಂದ. ಅಲ್ಲಿಂದ 8 ಕಿ.ಮೀ.ವರೆಗೆ ನೆಲದಿಂದಲೇ ಹಳದಿ. ಒಂದಡಿ ಏರಿಸಿದರೂ ಅನುಮತಿ ಬೇಕು. ನಿಲ್ದಾಣದ ಮೇಲೆ ಮತ್ತು ಅದರ ಒತ್ತಿನಲ್ಲಿ ನಕ್ಷೆ ಕೆಂಪಾಗಿಯೇ ಕಾಣುತ್ತದೆ. 8ರಿಂದ 12 ಕಿ.ಮೀ. ನಡುವಿನ ಬಳೆಯಲ್ಲಿ 60 ಮೀಟರ್‌ವರೆಗೆ ಹಸಿರು, ಅದರ ಮೇಲೆ ಹಳದಿ. 12 ದಾಟಿದ ಮೇಲೆ, ಬೇರೆ ಬಣ್ಣವಿಲ್ಲದಿದ್ದರೆ, 120 ಮೀಟರ್ ಪೂರ್ತಿ ನಿಮ್ಮದು.

ಬೇಲಿಗೂ ಟರ್ಮಿನಲ್ಲಿಗೂ ಅಂತರ ಎಷ್ಟಿದ್ದೀತು? ಕೆಂಪೇಗೌಡ ನಿಲ್ದಾಣದಲ್ಲಿ ಪೂರ್ವ ಪಶ್ಚಿಮವಾಗಿ ಎರಡು ರನ್‌ವೇಗಳಿವೆ. ಒಂದೊಂದೂ 4 ಕಿ.ಮೀ. ಉದ್ದ. ಟರ್ಮಿನಲ್‌ಗಳು ನಡುವೆ. ಗೂಗಲ್ ಗುರುತು ಬೀಳುವುದು ಆ ನಡುವಿನಲ್ಲಿ, ಆದ್ದರಿಂದ ಪೂರ್ವಕ್ಕೋ ಪಶ್ಚಿಮಕ್ಕೋ ಇರುವವರಿಗೆ ಎರಡು ಕಿ.ಮೀ.ಗೂ ಹೆಚ್ಚು ತಪ್ಪು ಲೆಕ್ಕ ಬರುತ್ತದೆ. ನಮ್ಮ ಹುಡುಗನಿಗೆ ಆದದ್ದು ಇದೇ. ಹಾಗೆ ನೋಡಿದರೆ ಅವನ ಒಂಬತ್ತೂವರೆ ನಿಜವಾಗಿದ್ದರೂ ಅವನು 60 ಮೀಟರ್ ಬಳೆಯಲ್ಲಿರುತ್ತಿದ್ದ, ಅದೂ ಅವನಿಗೆ ಗೊತ್ತಿರಲಿಲ್ಲ.

ನಾನು ಮಾಡುವುದು ಹೀಗೆ. ಗೂಗಲ್ ಮ್ಯಾಪನ್ನು ಸ್ಯಾಟಲೈಟ್ ನೋಟಕ್ಕೆ ಬದಲಿಸುತ್ತೇನೆ. ರನ್‌ವೇ ಹುಡುಕಿ, ಅದರ ಆಚೆ ನಿಲ್ದಾಣದ ಹುಲ್ಲುಬಯಲು ಮುಗಿದು ಹೊಲ, ರಸ್ತೆ ಶುರುವಾಗುವ ಗೆರೆ ನೋಡುತ್ತೇನೆ. ಅದೇ ಕಾಂಪೌಂಡ್. ನಮ್ಮ ಜಾಗಕ್ಕೆ ತೀರಾ ಹತ್ತಿರವಿರುವ ಮೂಲೆಯ ಮೇಲೆ ಬೆರಳು ಒತ್ತಿ ಹಿಡಿದರೆ ದೂರ ಅಳೆಯುವ ಆಯ್ಕೆ ಬರುತ್ತದೆ. ಅಲ್ಲಿಂದ ನೂಲು ಹಿಡಿದಂತೆ ನೇರ ಗೆರೆ. ರಸ್ತೆಯ ದೂರ ಲೆಕ್ಕಕ್ಕಿಲ್ಲ, ಕಾರಿಗೆ 14 ಕಿ.ಮೀ. ಆಗುವ ಜಾಗ ಆಕಾಶದಲ್ಲಿ 8 ಇರಬಹುದು. ಇನ್ನೊಂದು ತುದಿಯನ್ನು ನೀವು ನಿಲ್ಲುವ ಜಾಗಕ್ಕೆ ಇಡಬೇಡಿ. ಡ್ರೋನ್ ನಿಲ್ದಾಣದ ದಿಕ್ಕಿಗೆ ಎಲ್ಲಿಯವರೆಗೆ ಹೋಗುತ್ತದೋ ಅಲ್ಲಿಗೆ ಇಡಿ. ನೀವು ಎಂಟೂಕಾಲರಲ್ಲಿ ನಿಂತು ಅರ್ಧ ಕಿ.ಮೀ. ಒಳಕ್ಕೆ ಹಾರಿಸಿದರೆ ಡ್ರೋನ್ ಏಳೂಮುಕ್ಕಾಲರಲ್ಲಿದೆ. ಬೇಲಿ ಸರಿಯಾಗಿ ಕಾಣದಿದ್ದರೆ ರನ್‌ವೇ ತುದಿಯಿಂದ ಒಂದು ಕಿ.ಮೀ. ಹೊರಗಿದೆ ಎಂದೇ ಇಟ್ಟುಕೊಳ್ಳುತ್ತೇನೆ. ಕೊನೆಗೆ ಈ ಲೆಕ್ಕವನ್ನು ಡಿಜಿಟಲ್ ಸ್ಕೈ ನಕ್ಷೆಯ ಜೊತೆ ತಾಳೆ ನೋಡುತ್ತೇನೆ. ಎರಡೂ ಹೊಂದದಿದ್ದರೆ ನಕ್ಷೆಯದ್ದೇ ಮಾತು.

ಇನ್ನೊಂದು ತಪ್ಪು: ಒಂದೇ ನಿಲ್ದಾಣ ಎಂದುಕೊಳ್ಳುವುದು. ಬೆಂಗಳೂರಿನ ಉತ್ತರಕ್ಕೆ ಕೆಂಪೇಗೌಡ ನಿಲ್ದಾಣದ ಜೊತೆಗೆ ಯಲಹಂಕ ವಾಯುಪಡೆ ನೆಲೆ ಇದೆ, ಜಕ್ಕೂರಿನ ತರಬೇತಿ ಏರೋಡ್ರೋಮ್ ಇದೆ. ‘ಎಚ್‌ಎಎಲ್ ಏರ್‌ಪೋರ್ಟ್ ಮುಚ್ಚಿ ಎಷ್ಟೋ ವರ್ಷ ಆಯ್ತಲ್ಲ’ ಎನ್ನುವವರು ಬೆಳ್ಳಂದೂರು ಕೆರೆಯ ಮೇಲೆ ಡ್ರೋನ್ ಬಿಡುತ್ತಾರೆ. 2008ರಲ್ಲಿ ನಿಂತದ್ದು ಟಿಕೆಟ್ ಕೊಂಡು ಹತ್ತುವ ವಿಮಾನ ಮಾತ್ರ. ಯುದ್ಧವಿಮಾನ, ಹೆಲಿಕಾಪ್ಟರ್ ಪರೀಕ್ಷೆ, ಗಣ್ಯರ ವಿಮಾನ ಎಲ್ಲಾ ಇಂದಿಗೂ ಅಲ್ಲಿಂದಲೇ. ಹಲಸೂರು ಕೆರೆಯೂ ಆ 8 ಕಿ.ಮೀ. ಒಳಗೇ ಬರುತ್ತದೆ. ಹೊಸ ನಿಲ್ದಾಣ ತೆರೆದಾಗಲೂ ಹಾಗೆಯೇ. ಶಿವಮೊಗ್ಗದ ಸೋಗಾನೆಯಲ್ಲಿ 2023ರ ಫೆಬ್ರುವರಿಯಲ್ಲಿ ನಿಲ್ದಾಣ ಉದ್ಘಾಟನೆಯಾದ ಮೇಲೆ ಸುತ್ತಲಿನ ಗದ್ದೆ ಬಯಲಿನವರು ಹೋದ ವರ್ಷ ಹಾರಿಸಿದ್ದೆ ಎಂದು ಈ ವರ್ಷವೂ ಹಾರಿಸುವಂತಿಲ್ಲ.

ಎಂಟು ಕಿ.ಮೀ. ಯಾಕೆ, ಅಲ್ಲಿ ವಿಮಾನ ಬಹಳ ಮೇಲಿರುತ್ತದಲ್ಲ ಎಂದು ಕೇಳುವವರಿದ್ದಾರೆ. ಕೇಳಬೇಕಾದ ಪ್ರಶ್ನೆಯೇ. ಇಳಿಯುವ ವಿಮಾನ ಸುಮಾರು 3 ಡಿಗ್ರಿ ಓರೆಯಲ್ಲಿ ಬರುತ್ತದೆ. ರನ್‌ವೇಯಿಂದ 8 ಕಿ.ಮೀ. ಇರುವಾಗ ಅದರ ಎತ್ತರ ಸುಮಾರು 420 ಮೀಟರ್, 5 ಕಿ.ಮೀ.ಗೆ 260, ಎರಡೂಕಾಲು ಕಿ.ಮೀ.ಗೆ 120ರ ಆಸುಪಾಸು. ಆದರೆ ಹೆಲಿಕಾಪ್ಟರ್ ಈ ಓರೆ ಹಿಡಿದೇ ಬರಬೇಕೆಂದಿಲ್ಲ, ತರಬೇತಿ ವಿಮಾನ ನಿಲ್ದಾಣದ ಸುತ್ತ ತಗ್ಗಿನಲ್ಲೇ ಸುತ್ತುತ್ತದೆ, ನಿಮ್ಮ ಡ್ರೋನ್ ಸಿಗ್ನಲ್ ಕಳೆದುಕೊಂಡು ಗಾಳಿಗೆ ಸಿಕ್ಕರೆ ಎತ್ತ ಹೋದೀತೋ. ಡ್ರೋನ್ ಕಂಡಿತು ಎಂಬ ಸುದ್ದಿಗೇ 2018ರ ಡಿಸೆಂಬರಿನಲ್ಲಿ ಲಂಡನ್ನಿನ ಗ್ಯಾಟ್ವಿಕ್ ನಿಲ್ದಾಣ ಸ್ಥಗಿತವಾಗಿ ಸುಮಾರು ಸಾವಿರ ವಿಮಾನಗಳ ಹಾರಾಟ ಏರುಪೇರಾಗಿತ್ತು.

ನಾಲ್ಕು: ಎತ್ತರಕ್ಕೆ ಬೀಗ ಹಾಕಿ

ಅಳತೆ ಸರಿಯಾಗಿ ಮಾಡಿದವರೂ ಇಲ್ಲಿ ಸಿಕ್ಕಿಬೀಳುತ್ತಾರೆ. ಬಳೆಯಲ್ಲಿದ್ದೀರಿ, ಮಿತಿ 60 ಮೀಟರ್, ಜಾಣರಾಗಿ 50ರಲ್ಲೇ ಹಾರಿಸುತ್ತಿದ್ದೀರಿ. ಮರದ ಹಿಂದೆ ಹೋದಾಗ ಸಿಗ್ನಲ್ ಕಡಿಯಿತು. ಡ್ರೋನ್ ಮನೆಗೆ ಮರಳಬೇಕೆಂದು ತಾನೇ ಮೇಲೇರುತ್ತದೆ. ಎಲ್ಲಿಯವರೆಗೆ? ರಿಟರ್ನ್ ಟು ಹೋಮ್ ಎತ್ತರ ಎಷ್ಟಿದೆಯೋ ಅಲ್ಲಿಯವರೆಗೆ. ನನ್ನ ಡ್ರೋನಿನಲ್ಲಿ ಡಬ್ಬ ಬಿಚ್ಚಿದಾಗ ಅದು 100 ಮೀಟರ್ ಇತ್ತು. ಮೊದಲ ಸಲ ಸಿಗ್ನಲ್ ಹೋದಾಗ ಪರದೆಯಲ್ಲಿ ಅಂಕಿ 58, 64, 71 ಎಂದು ಏರುತ್ತಿದ್ದರೆ ರಿಮೋಟ್ ಹಿಡಿದ ಕೈ ಬೆವರಿತ್ತು.

ಆದ್ದರಿಂದ ಬಳೆಯಲ್ಲಿ ಹಾರಿಸುವ ದಿನ ಎರಡು ಸೆಟ್ಟಿಂಗ್ ಬದಲಿಸಿ: ಗರಿಷ್ಠ ಎತ್ತರ 55 ಮೀಟರ್, ಮರಳುವ ಎತ್ತರ 40. ನಲವತ್ತಕ್ಕಿಂತ ಎತ್ತರದ ತೆಂಗು, ಮೊಬೈಲ್ ಟವರ್, ವಿದ್ಯುತ್ ಗೋಪುರ ಅಲ್ಲಿದ್ದರೆ ಜಾಗ ಬದಲಿಸಿ, ಸೆಟ್ಟಿಂಗ್ ಅಲ್ಲ. ಆ್ಯಪ್ ತೋರಿಸುತ್ತಿರುವುದು ಅಡಿಯೋ ಮೀಟರೋ ಎಂದೂ ನೋಡಿಕೊಳ್ಳಿ. 200 ಅಡಿ ಎಂದುಕೊಂಡು 200 ಮೀಟರ್ ಏರಿಸಿದವರನ್ನು ಕಂಡಿದ್ದೇನೆ.

ಬೆಟ್ಟದ ಮೇಲಿನ ಕಥೆ ಇನ್ನೂ ಬೇರೆ. ಆ್ಯಪ್ ತೋರಿಸುವ ಎತ್ತರ ಡ್ರೋನ್ ಎದ್ದ ಜಾಗದಿಂದ. ಬೆಟ್ಟದ ಅಂಚಿನಿಂದ 30 ಮೀಟರ್ ಏರಿಸಿ ಕಣಿವೆಯ ಮೇಲೆ ಬಿಟ್ಟರೆ ಪರದೆಯಲ್ಲಿ 30 ಎಂದೇ ಇರುತ್ತದೆ, ಕೆಳಗೆ ನೆಲ ನೂರಾರು ಮೀಟರ್ ಆಳದಲ್ಲಿರುತ್ತದೆ. ನಿಯಮದ 120 ಮೀಟರ್ ಲೆಕ್ಕ ಆ ಕೆಳಗಿನ ನೆಲದಿಂದ. ಕಣಿವೆಯ ಮೇಲೆ ಹೋಗಲೇಬೇಡಿ, ಬಂಡೆಯ ಮೇಲೆಯೇ ಇರಿ ಎಂಬುದು ನನ್ನ ಸಲಹೆ.

ಐದು: ಹಳದಿಗೆ ಅನುಮತಿ

ಕಾಗದದ ಮೇಲೆ ದಾರಿ ಇದೆ. ಆಯಾ ನಿಲ್ದಾಣದ ವಾಯು ಸಂಚಾರ ನಿಯಂತ್ರಣ ಯಾರ ಕೈಯಲ್ಲಿದೆಯೋ ಅವರನ್ನು ಕೇಳಬೇಕು: ದೇವನಹಳ್ಳಿಯಲ್ಲಿ ವಿಮಾನ ನಿಲ್ದಾಣ ಪ್ರಾಧಿಕಾರ, ಯಲಹಂಕದಲ್ಲಿ ವಾಯುಪಡೆ, ಹಳೆಯ ನಿಲ್ದಾಣದಲ್ಲಿ ಎಚ್‌ಎಎಲ್. ಭಾನುವಾರದ ಖುಷಿಗೆ ಇಷ್ಟೆಲ್ಲಾ ಬೇಡ. ಇನ್ನು ಹತ್ತು ಕಿ.ಮೀ. ಗಾಡಿ ಓಡಿಸಿ, ಹಸಿರು ಸಿಗುತ್ತದೆ. ‘ಯಾರು ನೋಡ್ತಾರೆ’ ಎನ್ನುವವರಿಗೆ: ನಿಯಮ ಮೀರಿದರೆ 1 ಲಕ್ಷ ರೂಪಾಯಿವರೆಗೆ ದಂಡವಿದೆ. ಹಾರಿಸಿದ್ದನ್ನು ರೀಲ್ಸ್ ಮಾಡಿ ಸಾಕ್ಷಿ ಹಾಕುವವರೂ ನೀವೇ ತಾನೆ?

ಆರು: ಹೊರಡುವ ದಿನ ಮತ್ತೆ ನೋಡಿ

ಹಿಂದಿನ ವಾರ ನೋಡಿದ ನಕ್ಷೆ ಹಳೆಯ ಪಂಚಾಂಗವಿದ್ದಂತೆ. ಎಸ್‌ಪಿ ದರ್ಜೆಗೆ ಕಡಿಮೆಯಿಲ್ಲದ ಅಧಿಕಾರಿ ಒಂದು ಜಾಗವನ್ನು ಒಂದು ಸಲಕ್ಕೆ 96 ಗಂಟೆಯವರೆಗೆ ತಾತ್ಕಾಲಿಕ ಕೆಂಪು ವಲಯ ಎಂದು ಘೋಷಿಸಬಹುದು. ಗಣ್ಯರ ಭೇಟಿ, ಯಲಹಂಕದ ಏರೋ ಇಂಡಿಯಾ ಇಂಥ ಹೊತ್ತಿನಲ್ಲಿ ಸ್ಥಳೀಯ ಪತ್ರಿಕೆಯನ್ನೂ ಒಮ್ಮೆ ತಿರುವಿಹಾಕಿ. ಹಸಿರಿದ್ದಲ್ಲೆಲ್ಲಾ ಬೇರೆ ಇಲಾಖೆಯ ಅಡ್ಡಿ ಇಲ್ಲವೆಂದೂ ಅಲ್ಲ: ಹಂಪಿಯಲ್ಲಿ ಪುರಾತತ್ವ ಇಲಾಖೆ, ಕಾಡಿನಲ್ಲಿ ಅರಣ್ಯ ಇಲಾಖೆ.

ಏಳು: ಸದ್ದು ಕೇಳಿದರೆ

ಪರದೆ ನೋಡುತ್ತಾ ನಿಂತವರಿಗೆ ಹೆಲಿಕಾಪ್ಟರ್ ಸದ್ದು ತಡವಾಗಿ ಕೇಳುತ್ತದೆ, ಆದ್ದರಿಂದ ಪಕ್ಕದಲ್ಲಿ ಆಕಾಶ ನೋಡಲೆಂದೇ ಒಬ್ಬರಿರಲಿ. ಸದ್ದು ಬಂದೊಡನೆ ಗಾಬರಿಯಲ್ಲಿ ಮರಳುವ ಗುಂಡಿ ಒತ್ತಬೇಡಿ, ಅದು ಡ್ರೋನನ್ನು ಮೊದಲು ಮೇಲಕ್ಕೇ ಏರಿಸಬಹುದು. ರಿಮೋಟಿನ ಎಡಗಡೆಯ ಕಡ್ಡಿಯನ್ನು ಕೆಳಕ್ಕೆಳೆದು ಇದ್ದಲ್ಲೇ ಇಳಿಸಿ. ಹೊಲವಾದರೆ ಹೊಲ, ಕೆರೆಯಂಗಳವಾದರೆ ಕೆರೆಯಂಗಳ, ಆಮೇಲೆ ಹುಡುಕಿಕೊಂಡರಾಯಿತು.

ಅಕ್ಕನ ಮಗ ಕೊನೆಗೆ ದೊಡ್ಡಬಳ್ಳಾಪುರ ದಾಟಿ ನೆಂಟರ ರಾಗಿ ಹೊಲದಲ್ಲಿ ಹಾರಿಸಿದ. ಆಕಾಶ ನೋಡುವ ಕೆಲಸ ನನಗೆ ಬಂತು. ಒಂದು ಗಂಟೆಯಲ್ಲಿ ಬಂದದ್ದು ಎರಡು ಗರುಡ, ಕುತ್ತಿಗೆ ನೋವು. ದ್ರಾಕ್ಷಿ ತೋಟದ ಗೆಳೆಯ ಮಾತ್ರ ಇನ್ನೂ ಮುನಿಸಿಕೊಂಡಿದ್ದಾನಂತೆ.